ಕೊನೆಯ ಬೆಂಚಿನವರ ಜೊತೆ ನಾನೂ ಎದ್ದೆ

ಸಭೆಯ, ಅಂದರೆ ಚರ್ಚಿನ, ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಹುಡುಗಿಯರಿಗೆ ನಾಲ್ಕು ಮಾತು ಹೇಳಿ ಎಂದು ಈಚೆಗೆ ನನ್ನನ್ನು ಕರೆದಿದ್ದರು. ಕಾರು ಕಳಿಸಿದರು, ಶಾಲು ಹೊದಿಸಿದರು, ಆಮೇಲೆ ಕಿವಿಯ ಹತ್ತಿರ ಬಗ್ಗಿ, "ಆಂಟಿ, ಸ್ವಲ್ಪ ಎನ್‌ಕರೇಜಿಂಗ್ ಆಗಿ ಮಾತಾಡಿ, ಟೆನ್ ಮಿನಿಟ್ಸ್ ಸಾಕು" ಎಂದರು. ಅಷ್ಟರಲ್ಲೇ ಎನ್‌ಕರೇಜ್ ಮಾಡಿ ಮನೆಗೆ ಬಂದೆ. ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮಗೆ ಧೈರ್ಯ ಬರುತ್ತದೋ, ಇದ್ದ ಧೈರ್ಯವೂ ಹೋಗುತ್ತದೋ, ಓದಿ ನೋಡಿ.

ನನ್ನ ಹುದ್ದೆಯ ಹೆಸರು ಪ್ಯಾರಿಷ್ ವರ್ಕರ್. ಜನ ಕರೆಯುತ್ತಿದ್ದದ್ದು ಬೈಬಲಮ್ಮ ಎಂದು. ಮದ್ರಾಸಿನ ನಮ್ಮ ಕನ್ನಡ ಸಭೆ ಚಿಕ್ಕದು. ರೈಲ್ವೆಯವರು, ಬ್ಯಾಂಕಿನವರು, ಇನ್ಶೂರೆನ್ಸಿನವರು, ಒಂದಿಷ್ಟು ನರ್ಸುಗಳು. ಮಂಗಳೂರು, ಮೈಸೂರು, ಹುಬ್ಬಳ್ಳಿ, ಎಲ್ಲ ಕಡೆಯವರೂ ಇದ್ದರು. ಒಬ್ಬರ ಕನ್ನಡ ಇನ್ನೊಬ್ಬರಿಗೆ ನಗು ಬರಿಸುತ್ತಿತ್ತು. ಮಕ್ಕಳು ಮಾತ್ರ ಯಾವ ಕನ್ನಡಕ್ಕೂ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದರು. ನಾನು ಮಂಗಳೂರಿನ ಪ್ರೊಟೆಸ್ಟೆಂಟ್ ಮನೆಯ ಹುಡುಗಿ, ಓದಿದ್ದು ಕ್ಯಾಥೊಲಿಕ್ ಕಾನ್ವೆಂಟಿನಲ್ಲಿ. ನನ್ನ ಕೆಲಸ ಇಷ್ಟೇ: ಸಭೆ ಬಿಟ್ಟು ಹೋದವರ ಮನೆಗೆ ಹೋಗಿ ಅವರನ್ನು ಮತ್ತೆ ಕರೆತರುವುದು. ಅಂಥವರಿಗೆ ಮೀಟಿಂಗುಗಳಲ್ಲಿ 'ಬ್ಯಾಕ್‌ಸ್ಲೈಡರ್', ಅಂದರೆ ಹಿಂದಕ್ಕೆ ಜಾರಿದವರು, ಎಂಬ ಪದ ಬಳಸುತ್ತಿದ್ದರು. ರಿಟೈರ್ ಆಗುವವರೆಗೂ ಆ ಪದ ನನ್ನ ಬಾಯಿಂದ ಬರಲಿಲ್ಲ. ನಿಮ್ಮ ಬಾಯಿಂದಲೂ ಬರಬಾರದು. ಜಾರಿ ಬಿದ್ದವರನ್ನು ನಾನು ನೋಡಿದ್ದು ಕಡಿಮೆ. ಹೆಚ್ಚಿನವರು ಕಣ್ಣು ತೆರೆದುಕೊಂಡು ನಡೆದು ಹೋದವರು, ಇಲ್ಲವೇ ನಾವೇ ದಬ್ಬಿದವರು.

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಸೇರಿದಾಗ ನಮ್ಮ ದೇವಾಲಯದ ಬಾಗಿಲ ಪಕ್ಕ, ಎಡಗಡೆ, ಒಂದು ಬೆಂಚು ಇತ್ತು. ಅದು ಸಭೆಯ ಶಿಸ್ತುಕ್ರಮಕ್ಕೆ ಒಳಗಾದವರ ಬೆಂಚು ಎಂದು ಎಲ್ಲೂ ಬರೆದಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಸಭೆಯ ಹೊರಗೆ ಮದುವೆಯಾದವರು, ಮಗುವಿಗೆ ಕಾಯಿಲೆಯಾದಾಗ ಗಾಬರಿಯಲ್ಲಿ ಬೇರೆ ಕಡೆ ಹರಕೆ ಹೊತ್ತವರು, ಕುಡಿತದವರು ಅಲ್ಲಿ ಕೂರಬೇಕು. ಕರ್ತನ ಭೋಜನವಿರುವ ಭಾನುವಾರ ಪ್ರಸಂಗ ಮುಗಿದ ಮೇಲೆ ಒಂದು ಕೀರ್ತನೆ ಹಾಡುತ್ತಿದ್ದೆವು. ಆ ಕೀರ್ತನೆ ಮುಗಿಯುವುದರೊಳಗೆ ಅವರು ಎದ್ದು ಹೊರಗೆ ಹೋಗಬೇಕು. ಯಾರೂ ಹೋಗಿ ಎನ್ನುತ್ತಿರಲಿಲ್ಲ, ಅವರೇ ಎದ್ದು ಹೋಗುತ್ತಿದ್ದರು. ನಾವು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವಾಗ ಅವರು ಗೇಟಿನ ಹೊರಗೆ ಎಳನೀರಿನವನ ಹತ್ತಿರ ನಿಂತು ಕ್ರಿಕೆಟ್ ಸ್ಕೋರ್ ಕೇಳುತ್ತಿದ್ದರು.

ಮತ್ತೆ ಒಳಗೆ ಬರಬೇಕೆಂದರೂ ಒಂದು ಪದ್ಧತಿ ಇತ್ತು. ಸಭೆಯವರೆಲ್ಲ ಕೂತಿರುವಾಗ ವೇದಿಯ ಮುಂದೆ ಹೋಗಿ ನಿಲ್ಲಬೇಕು. ಸಭಾಪಾಲಕರು ಪ್ರಶ್ನೆ ಕೇಳುತ್ತಾರೆ, ತಪ್ಪು ಒಪ್ಪಿಕೊಳ್ಳಬೇಕು. ಆಮೇಲೆ ಅವರು ಬಲಗೈ ಕೊಡುತ್ತಾರೆ, ಅವರ ಹಿಂದೆ ಸಭಾ ಹಿರಿಯರು ಸಾಲಾಗಿ ಬಂದು ಕೈ ಕೊಡುತ್ತಾರೆ. ಅಲ್ಲಿಗೆ ನೀವು ಪುನಃ ನಮ್ಮವರು.

ಮೊದಲ ವರ್ಷದ ನನ್ನ ಕೆಲಸ ನೆನೆದರೆ ಈಗಲೂ ನಗು ಬರುತ್ತದೆ. ನನಗೆ ಕೆಲಸ ಕಲಿಸಿದ ರತ್ನಮ್ಮಕ್ಕ ಬಹಳ ಹಳೆಯ ಕಾಲದವರು. ಅವರ ಮೆಥಡ್ ಸರಳ: ಬಾಗಿಲು ತೆರೆದ ಕೂಡಲೇ ಒಳಗೆ ಹೋಗು, ಕೂತ ಕೂಡಲೇ ವಾಕ್ಯ ಓದು, ಓದಿದ ಕೂಡಲೇ ಪ್ರಾರ್ಥನೆ ಮಾಡು, ಅವರಿಗೆ ನೆಪ ಹೇಳಲು ಪುರುಸೊತ್ತು ಕೊಡಬೇಡ. ಬಿಳಿ ಸೀರೆ ಉಟ್ಟು, ಕಪ್ಪು ಚೀಲ ಹಿಡಿದು, ಟಿ. ನಗರದ ಒಬ್ಬ ಬ್ಯಾಂಕ್ ಕ್ಲರ್ಕನ ಮನೆಗೆ ಒಂದು ಬೆಳಗ್ಗೆ ಹಾಗೆಯೇ ನುಗ್ಗಿದೆ. ಹಾಲಿನಲ್ಲಿ ಕೂತು ತಪ್ಪಿಸಿಕೊಂಡ ಕುರಿಯನ್ನು ಹುಡುಕುವ ಸಾಮ್ಯಕಥೆ ಓದಲು ಶುರು ಮಾಡಿದೆ. ಅದೇ ಹೊತ್ತಿಗೆ ಆ ಮನುಷ್ಯ ಬಚ್ಚಲಿನಿಂದ ಟವೆಲ್ ಸುತ್ತಿಕೊಂಡು ಬಂದ. ಬಟ್ಟೆ ಇದ್ದ ರೂಮಿಗೆ ಹೋಗಬೇಕಾದರೆ ನನ್ನ ಮುಂದೆಯೇ ಹಾದು ಹೋಗಬೇಕು. ನಾನೋ ಕಣ್ಣು ಮುಚ್ಚಿ ಪ್ರಾರ್ಥನೆಯನ್ನು ಉದ್ದಕ್ಕೆ ಎಳೆಯುತ್ತಿದ್ದೆ. ಆಮೆನ್ ಹೇಳಿ ಕಣ್ಣು ಬಿಟ್ಟಾಗ ಗೋಡೆಗೆ ಒರಗಿಕೊಂಡು ನೀರು ಸುರಿಸುತ್ತಾ ನಿಂತಿದ್ದ.

"ಸಿಸ್ಟರ್, ಕುರಿ ಸಿಕ್ತಲ್ಲ, ಈಗ ಬಟ್ಟೆ ಹಾಕ್ಕೊಳ್ಳೋಕೆ ಬಿಡ್ತೀರಾ?" ಎಂದ.

ಆವತ್ತಿಗೆ ರತ್ನಮ್ಮಕ್ಕನ ಮೆಥಡ್ ಬಿಟ್ಟೆ. ಬಿಳಿ ಸೀರೆ ಬಿಟ್ಟು ಹೂವಿನ ವಾಯಿಲ್ ಸೀರೆ ಉಡತೊಡಗಿದೆ. ಗಂಡಸರು ಆಫೀಸಿಗೆ ಹೋದ ಮೇಲೆ, ಮಧ್ಯಾಹ್ನದ ಊಟ ಮುಗಿದ ಹೊತ್ತಿಗೆ ಹೋಗುತ್ತಿದ್ದೆ. ಹಾಲ್ ಬೇಡವೆಂದು ಅಡುಗೆಮನೆಯಲ್ಲಿ ಕೂತು ಸೊಪ್ಪು ಬಿಡಿಸಿಕೊಡುತ್ತಿದ್ದೆ. ಪುಸ್ತಕ ಚೀಲದಲ್ಲೇ ಇರುತ್ತಿತ್ತು. ಯಾಕೆ ಬರುವುದಿಲ್ಲ ಎಂದು ನಾನಾಗಿ ಕೇಳುತ್ತಿರಲಿಲ್ಲ. ಅವರೇ ಮಾತು ತೆಗೆಯುವವರೆಗೆ ಬೆಲೆ, ನೀರಿನ ಲಾರಿ, ನಾದಿನಿಯ ಕಾಟ, ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಮೇಲಿನವರಿಗೆ ಇದು ಸೋಮಾರಿತನವಾಗಿ ಕಂಡಿತು. "ಸೊಪ್ಪು ಬಿಡಿಸೋಕೆ ಸಭೆ ನಿಮ್ಮನ್ನ ನೇಮಿಸಿಲ್ಲಮ್ಮ" ಎಂದು ಒಬ್ಬರು ಹೇಳಿದ್ದೂ ಉಂಟು. ಈಗ ಇದೆಲ್ಲ ಬೇಡವಂತೆ. ವಾಟ್ಸ್ಯಾಪಿನಲ್ಲಿ 'ವಿ ಮಿಸ್ ಯು' ಎಂದು ಒಂದು ಪಾರಿವಾಳದ ಚಿತ್ರ ಕಳಿಸಿದರೆ ಸಾಕಂತೆ. ಮಿಸ್ ಮಾಡಿಕೊಂಡವರು ಬಸ್ಸು ಹತ್ತಿ ಹೋಗುತ್ತಾರೆ, ಅಷ್ಟು ಮಾತ್ರ ನನಗೆ ಗೊತ್ತು.

ಮರಳಿ ಬರುವವರನ್ನು ಏನು ಮಾಡಬೇಕು ಎಂಬ ವಿಷಯದಲ್ಲಿ ಕ್ರೈಸ್ತರಲ್ಲಿ ಒಮ್ಮತವಿಲ್ಲ ಎಂದು ನನಗೆ ಮೊದಲು ಗೊತ್ತಾದದ್ದು ಗಿಂಡಿಯ ಜಯರಾಜನಿಂದ. ಇನ್ಶೂರೆನ್ಸ್ ಆಫೀಸಿನಲ್ಲಿದ್ದ, ಮೈಸೂರು ಕಡೆಯ ಹುಡುಗ. ನಮ್ಮ ಸಭೆ ಚಪ್ಪೆ ಎನಿಸಿ ಚಪ್ಪಾಳೆ ತಟ್ಟಿ ಹಾಡುವವರ ಕಡೆ ಹೋದ. ಅವರು, ನೀನು ಮಗುವಾಗಿದ್ದಾಗ ಕೊಟ್ಟ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲ ಎಂದು ಸಮುದ್ರದಲ್ಲಿ ಮುಳುಗಿಸಿದರು. ಎರಡು ವರ್ಷದಲ್ಲಿ ಅದೂ ಸಾಕಾಗಿ, ಯಾವುದೂ ಬೇಡವೆಂದು ಭಾನುವಾರ ಮನೆಯಲ್ಲೇ ಮಲಗತೊಡಗಿದ. ಮತ್ತೆ ಮನಸ್ಸಾದಾಗ ತೊಂದರೆ ಶುರುವಾಯಿತು. ಅವರ ಕಡೆ ಹೋದರೆ, ಮೊದಲು ಮುಳುಗಿದಾಗ ನಿಜವಾದ ನಂಬಿಕೆ ಇರಲಿಲ್ಲ, ಇನ್ನೊಮ್ಮೆ ಮುಳುಗು ಎಂದರು. ನಮ್ಮ ಕಡೆ ಬಂದರೆ, ಸಮುದ್ರದಲ್ಲಿ ಮುಳುಗಿದ್ದೇ ಪಾಪ, ಮುಂದೆ ಬಂದು ನಿಂತು ಒಪ್ಪಿಕೊ ಎಂದರು.

"ಅಕ್ಕಾ, ನನಗೆ ಮೊದಲೇ ಸೈನಸ್" ಎಂದ ಜಯರಾಜ. "ಇನ್ನೊಂದು ಸಲ ಮುಳುಗಿಸಿದ್ರೆ ನೇರವಾಗಿ ಪರಲೋಕಕ್ಕೇ ಹೋಗ್ತೀನಿ, ಅಲ್ಲಿ ಯಾವ ಸಭೆಯೋರು ಅಂತ ಕೇಳ್ತಾರೋ ಏನೋ."

ಅವನು ನಿಂತು ಒಪ್ಪಿಕೊಂಡ. ನಗುನಗುತ್ತಲೇ ಒಪ್ಪಿಕೊಂಡ. ಗಂಡಸು, ಮದುವೆಯಾಗದವನು, ಜನ ನಾಲ್ಕು ದಿನದಲ್ಲಿ ಮರೆತರು. ಹೆಂಗಸರ ವಿಷಯ ಹಾಗಲ್ಲ ಎಂದು ನನಗೆ ತಿಳಿದದ್ದು ಎಂಬತ್ತರ ದಶಕದ ಆರಂಭದಲ್ಲಿ, ಕಮಲಾ ಬಂದಾಗ.

ಒಂದು ಭಾನುವಾರ ಕೊನೆಯ ಬೆಂಚಿನಲ್ಲಿ ಹೊಸ ಹೆಂಗಸೊಬ್ಬಳು ಕೂತಿದ್ದಳು. ಕಾಂಚೀಪುರಂ ಸೀರೆ, ತಲೆಗೆ ಮಲ್ಲಿಗೆ, ಹಣೆಗೆ ದೊಡ್ಡ ಕುಂಕುಮ. ಪುಸ್ತಕವಿಲ್ಲದೆಯೇ ಎಲ್ಲ ಕೀರ್ತನೆಯನ್ನೂ ಹಾಡಿದಳು. ಭೋಜನಕ್ಕೆ ಮೊದಲಿನ ಕೀರ್ತನೆ ಶುರುವಾದ ಕೂಡಲೇ ಯಾರೂ ಹೇಳದೆ ಎದ್ದು ಹೊರಗೆ ಹೋದಳು. ಪದ್ಧತಿ ಗೊತ್ತಿದ್ದವಳು, ಅಂದರೆ ನಮ್ಮವಳೇ. ಆರಾಧನೆ ಮುಗಿದ ಮೇಲೆ ಸ್ಯಾಮ್ಸನ್ ಅವರು ಗೇಟಿನ ಹತ್ತಿರ ನನ್ನನ್ನು ತಡೆದರು. ಅವರು ಹುಬ್ಬಳ್ಳಿ ಕಡೆಯವರು, ರೈಲ್ವೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಸಭಾ ಹಿರಿಯರಲ್ಲಿ ಎಲ್ಲರಿಗಿಂತ ಹಿರಿಯರು.

"ಫ್ಲೋರಾಬಾಯಾರ, ಆಕಿ ಯಾರು ಗೊತ್ತಾತೇನ್ರಿ? ನರ್ಸ್ ಕಮಲಾ. ಹೋಟೆಲ್‌ನವನ ಕೂಡ ಗುಡಿಯಾಗ ಲಗ್ನ ಆಗಿ ಹೋಗಿದ್ಲಲ್ಲ, ಆಕಿ. ಈಗ ಕುಂಕುಮಾ ಹಚ್ಕೊಂಡು ಬಂದು ಕುಂತಾಳ. ಏನ್ ಬೇಕಂತ ಕೇಳ್ರಿ."

ಕೇಳಲು ಹೋದೆ. ನಾನು ಸೇರುವುದಕ್ಕೂ ಮೊದಲಿನ ಕಥೆ ಅದು. ಕಮಲಾ ಮಂಗಳೂರಿನವಳು, ಮದ್ರಾಸಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವಳು. ಸೀತಾರಾಮ ರಾಯರು ಉಡುಪಿ ಕಡೆಯವರು, ಪಾಲುದಾರಿಕೆಯಲ್ಲಿ ಸಣ್ಣ ಹೋಟೆಲ್ ನಡೆಸುತ್ತಿದ್ದರು. ಕಾದ ಎಣ್ಣೆ ಬಿದ್ದು ಕೈ ಸುಟ್ಟುಕೊಂಡು ಅವಳ ವಾರ್ಡಿಗೆ ಬಂದಿದ್ದರು. ದಿನಾ ಬ್ಯಾಂಡೇಜ್ ಬಿಚ್ಚಿ ಕಟ್ಟಿ, ಕೈ ವಾಸಿಯಾಗುವುದರೊಳಗೆ ಇಬ್ಬರ ಮನಸ್ಸೂ ಸೇರಿತ್ತು. ಮದುವೆಯಾದ ಮುಂದಿನ ಭಾನುವಾರ ನಮ್ಮ ಸಭೆಯಲ್ಲಿ ಅವಳ ಹೆಸರನ್ನು ಪೀಠದಿಂದ ಓದಿ ಸದಸ್ಯತ್ವದಿಂದ ತೆಗೆದುಹಾಕಿದ್ದರು. ಅತ್ತ ರಾಯರ ಮನೆಯವರೂ ಅವರನ್ನು ಶುಭಕ್ಕೂ ಕರೆಯಲಿಲ್ಲ, ಅಶುಭಕ್ಕೂ ಕರೆಯಲಿಲ್ಲ.

ಅವರ ಮನೆ ಮಾಂಬಲಂ ಸ್ಟೇಷನ್ನಿನ ಹಿಂದಿನ ಒಂದು ಓಣಿಯಲ್ಲಿ. ಎಲೆಕ್ಟ್ರಿಕ್ ಟ್ರೇನ್ ಹೋದಾಗಲೆಲ್ಲ ಷೆಲ್ಫಿನ ಲೋಟಗಳು ಮೆಲ್ಲಗೆ ಗಲಗಲ ಎನ್ನುತ್ತಿದ್ದವು. ಬಾಗಿಲು ತೆರೆದ ಮಗಳು ಉಷಾ ನನ್ನ ಚೀಲ ನೋಡಿ ಒಳಗೆ ತಿರುಗಿ, "ಅಮ್ಮಾ, ಚರ್ಚ್ ಆಂಟಿ ವಂದಿರುಕ್ಕಾಂಗ" ಎಂದು ತಮಿಳಿನಲ್ಲಿ ಕೂಗಿದಳು.

ಕಮಲಾ ಅಡುಗೆಮನೆಯಿಂದ ಬಂದು ನನ್ನ ಮುಖ ನೋಡಿದಳು. "ಬೈಲಿಕ್ಕೆ ಬಂದದ್ದಾ, ಕಾಫಿ ಕುಡೀಲಿಕ್ಕೆ ಬಂದದ್ದಾ?"

"ಎರಡೂ ಅಲ್ಲ. ಬೆಂಡೆಕಾಯಿ ಇದ್ರೆ ಕೊಡು, ಹೆಚ್ಚಿ ಕೊಡ್ತೇನೆ."

"ಮಂಗಳೂರಿನವರಾ ನೀವು?" ಎಂದು ನಕ್ಕಳು. ಅಲ್ಲಿಂದ ನಮ್ಮ ಸ್ನೇಹ. ಮೊದಮೊದಲು ಸಭೆಯ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಮೇಲೊಂದು ಮಧ್ಯಾಹ್ನ ಬೆಳ್ಳುಳ್ಳಿ ಸುಲಿಯುತ್ತಾ, ತಲೆ ಎತ್ತದೆ ಕೇಳಿದಳು:

"ಫ್ಲೋರಾ, ನನಗೂ ಇನ್ನು ಒಂದು ದಿನ ಕೊಡ್ತಾರಾ?"

ಏನನ್ನು ಎಂದು ನಾನು ಕೇಳಬೇಕಾಗಿರಲಿಲ್ಲ. ವೇದಿಯ ಮೇಜಿನಲ್ಲಿ ಕೊಡುವ ಕರ್ತನ ಭೋಜನವನ್ನು.

"ರಾಯರು ಏನಂತಾರೆ?"

"ಅವ್ರು ಎಂತ ಹೇಳ್ತಾರೆ? ನಾನು ದೇವರ ಕೋಣೆಯಲ್ಲಿ ದೀಪ ಹಚ್ಚಿ, ಆಮೇಲೆ ಮೂಲೆಯಲ್ಲಿ ಕೂತು ನಮ್ಮ ಪ್ರಾರ್ಥನೆ ಹೇಳೂದು ಇಷ್ಟು ವರ್ಷ ನೋಡಿದ್ದಾರೆ. ನಿನಗೆ ಬೇಕಾದ್ರೆ ಹೋಗು ಮಾರಾಯ್ತಿ, ನಾನು ಬಿಟ್ಟು ಬರ್ತೇನೆ ಅಂತಾರೆ. ಆದ್ರೆ ಒಂದು ಮಾತು ಫ್ಲೋರಾ. ಸಭೆ ಬಿಟ್ಟು ಹೋದದ್ದು ತಪ್ಪು ಅಂತ ನಾನು ಎಲ್ಲಿ ಬೇಕಾದ್ರೂ ಹೇಳ್ತೇನೆ. ಅವರನ್ನು ಮದುವೆ ಆದದ್ದು ತಪ್ಪು ಅಂತ ಹೇಳ್ಲಿಕ್ಕೆ ನನ್ನಿಂದ ಆಗೂದಿಲ್ಲ. ಅದು ಸುಳ್ಳಾಗ್ತದೆ. ಆ ಮೇಜಿನ ಹತ್ರ ಸುಳ್ಳು ಹೇಳಿ ಹೋಗ್ಲಿಕ್ಕುಂಟಾ?"

ಅವಳ ಬೇಡಿಕೆ ಇಷ್ಟೇ. ಆ ಮೇಜಿಗೆ ಹೋಗಬೇಕು, ಗಂಡನನ್ನು ಪಾಪವೆಂದು ಕರೆಯದೆ ಹೋಗಬೇಕು.

ಸಭಾಪಾಲಕ ಆನಂದಪ್ಪ ಅಯ್ಯನವರ ಹತ್ತಿರ ಹೋದೆ. ಮೈಸೂರು ಕಡೆಯವರು, ಮೃದು ಮನುಷ್ಯ, ಜಗಳವೆಂದರೆ ಆಗದು. ನಾನು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದು ಒರೆಸಿದರು.

"ನೋಡಿಮ್ಮ, ಕೇಳಬೇಕಾದ ಪ್ರಶ್ನೆ ಎರಡು. ಸಭೆ ಬಿಟ್ಟಿದ್ದಕ್ಕೆ ಪಶ್ಚಾತ್ತಾಪ ಇದೆಯಾ? ಸಭೆಯ ಹೊರಗೆ ಮಾಡ್ಕೊಂಡ ಸಂಬಂಧ ಪಾಪ ಅಂತ ಒಪ್ತೀರಾ? ಇದು ನಾನು ಹುಟ್ಟಿಸಿದ್ದಲ್ಲ, ಮೊದಲಿಂದ ಬಂದಿದ್ದು. ಒಮ್ಮೆ ಬೆಳಕು ಕಂಡು ಬಿದ್ದೋರನ್ನ ಪುನಃ ಎಬ್ಬಿಸೋಕಾಗಲ್ಲ ಅನ್ನೋ ಅರ್ಥದ ಮಾತೇ ಗ್ರಂಥದಲ್ಲಿದೆ. ಅದನ್ನ ಹಿಡ್ಕೊಂಡು ವಾಪಸ್ ಬರೋ ಬಾಗಿಲನ್ನೇ ಮುಚ್ಚಿರೋ ಸಭೆಗಳೂ ಇದಾವೆ. ನಾವು ಬಾಗಿಲು ತೆಗೆದಿಟ್ಟಿದೀವಲ್ಲ, ಅದೇ ಕೃಪೆ ಅಂದ್ಕೊಳ್ಳಿ."

"ತೆಗೆದಿಟ್ಟ ಬಾಗಿಲಲ್ಲಿ ಕೋಲು ಅಡ್ಡ ಹಿಡಿದಿದ್ದೇವಲ್ಲ ಅಯ್ಯನವರೇ. ಮನೆ ಬಿಟ್ಟು ಹೋಗಿ ತಿರುಗಿ ಬಂದ ಮಗನ ಸಾಮ್ಯ ನೀವೇ ಎಷ್ಟು ಸಲ ಪ್ರಸಂಗ ಮಾಡಿದ್ದೀರಿ. ಅವನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ತಪ್ಪೊಪ್ಪಿಗೆಯನ್ನು ಅಪ್ಪ ಪೂರ್ತಿ ಹೇಳಲಿಕ್ಕೂ ಬಿಡಲಿಲ್ಲ. ಓಡಿ ಹೋಗಿ ಅಪ್ಪಿಕೊಂಡ."

ಅಯ್ಯನವರು ನಿಟ್ಟುಸಿರು ಬಿಟ್ಟರು. "ಆ ಅಪ್ಪನಿಗೆ ಕಮಿಟಿ ಇರಲಿಲ್ಲಮ್ಮ. ನನಗಿದೆ."

ಹಾಗಾದರೆ ನೀವು ನಿಲುವಂಗಿ ತೊಡುವ ಒಳಗಿನ ವೆಸ್ಟ್ರಿ ಕೋಣೆಯಲ್ಲಿ, ಯಾರೂ ಇಲ್ಲದಾಗ ಮುಗಿಸಿಬಿಡಿ ಎಂದೆ. ಕಾನ್ವೆಂಟಿನಲ್ಲಿ ನನ್ನ ಕ್ಯಾಥೊಲಿಕ್ ಗೆಳತಿಯರು ಶನಿವಾರ ಸಾಯಂಕಾಲ ಸಾಲಾಗಿ ನಿಂತು, ಒಬ್ಬೊಬ್ಬರೇ ಪಾಪನಿವೇದನೆಯ ಗೂಡಿಗೆ ಹೋಗಿ, ಒಳಗಿದ್ದ ಪಾದ್ರಿಗೆ ಪಿಸುಪಿಸು ಎಂದು ಏನೋ ಹೇಳಿ, ಹಗುರಾಗಿ ಹೊರಗೆ ಬರುತ್ತಿದ್ದರು. ಏನು ಹೇಳಿದಿರೆಂದು ಯಾರೂ ಕೇಳುವ ಹಾಗಿರಲಿಲ್ಲ. ಪ್ರೊಟೆಸ್ಟೆಂಟ್ ಹುಡುಗಿ ನಾನು, ಹೊರಗೆ ನಿಂತು ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಅದನ್ನೂ ಹೇಳಿದೆ. "ನಾವು ಕ್ಯಾಥೊಲಿಕ್ಸ್ ಅಲ್ವಲ್ಲಮ್ಮ" ಎಂದು ಮಾತು ಮುಗಿಸಿದರು.

ಮುಂದಿನ ಭೋಜನದ ಭಾನುವಾರ ಬಂತು. ನಾನು ಯಾವಾಗಲೂ ಹೆಂಗಸರ ಕಡೆ ಮುಂದಿನ ಸಾಲಿನಲ್ಲಿ ಕೂರುವವಳು. ಕೀರ್ತನೆ ಶುರುವಾಯಿತು. ಹಿಂದೆ ಕೊನೆಯ ಬೆಂಚು ಕಿರ್ರೆಂದಿತು. ನಾನೂ ಎದ್ದೆ. ನಡುವಿನ ದಾರಿಯಲ್ಲಿ ನಡೆದು ಅವರ ಜೊತೆ ಹೊರಗೆ ಹೋದೆ. ಪ್ಲಾನ್ ಮಾಡಿ ಎದ್ದದ್ದಲ್ಲ, ಕೂತಿರಲು ಆಗಲಿಲ್ಲ. ನನ್ನ ಬೆನ್ನ ಹಿಂದೆ ಹಾಡು ಒಂದು ಸಾಲು ತಗ್ಗಿ ಮತ್ತೆ ಏರಿದ್ದು ಕೇಳಿಸಿತು.

ಗೇಟಿನ ಹತ್ತಿರ ಕಮಲಾ ನನ್ನನ್ನು ನೋಡಿ ಗಾಬರಿಯಾದಳು. "ನಿನಗೆಂತ ಆಯ್ತು? ಹುಷಾರಿಲ್ವಾ?"

"ಹುಷಾರಾಗಿದ್ದೇನೆ. ಎಳನೀರು ಕುಡಿಯುವ, ಬಾ."

ಅದರ ಮುಂದಿನ ತಿಂಗಳೂ ಹೋದೆ. ಅದರ ಮುಂದಿನದಕ್ಕೂ. ಕಮಿಟಿ ಕರೆಯಿತು. ಉದ್ದನೆಯ ಮೇಜು, ಅದರ ಸುತ್ತ ಗಂಡಸರು, ಎದುರಿಗೆ ನಾನು. ಸ್ಯಾಮ್ಸನ್ ಅವರೇ ಮಾತು ಶುರು ಮಾಡಿದರು.

"ಏನ್ರಿ ಇದು? ಸಭೆ ಕೆಲಸಾ ಮಾಡಾಕಿ ನೀವು. ಭೋಜನದ ಹೊತ್ತಿಗೆ ಎದ್ದು ಹೊರಗ ನಡದ್ರ ಮಂದಿ ಏನ್ ತಿಳ್ಕೋಬೇಕು?"

"ಹೊರಗೆ ಹೋದವರ ಜೊತೆ ಇರುವುದೇ ನಿನ್ನ ಕೆಲಸ ಅಂತ ನೀವೇ ನನ್ನನ್ನು ನೇಮಿಸಿದ್ದು. ಕೆಲಸದ ಹೊತ್ತಿನಲ್ಲಿ ಕೆಲಸಕ್ಕೆ ಹೋಗಿದ್ದೆ."

ಒಬ್ಬರಿಗೆ ಕೆಮ್ಮು ಬಂತು. ಸ್ಯಾಮ್ಸನ್ ಅವರಿಗೆ ನಗು ಬರಲಿಲ್ಲ. "ನಾಲಿಗಿ ಭಾಳ ಉದ್ದ ಐತಿ ನಿಮ್ದು. ಶಿಸ್ತು ಅನ್ನೂದು ಒಂದಿಲ್ಲಂದ್ರ ನಾಳೆ ನಮ್ಮ ಹುಡುಗ್ಯಾರು ಒಬ್ಬೊಬ್ಬರ ಹೊಂಟ್ರ ಯಾರು ತಡೀತೀರಿ? ನೀವೇನ್ರಿ?"

ಆ ಮಾತು ಬರಿಯ ಸಿಟ್ಟಿನದಲ್ಲ ಎಂದು ನನಗೆ ಗೊತ್ತಿತ್ತು. ಅವರು ಚಿಕ್ಕ ಸಭೆಯ ಹಿರಿಯರು. ಪರವೂರಿನಲ್ಲಿ, ನಾಲ್ಕಾರು ಮನೆಗಳ ಮೇಲೆ ನಿಂತ ಸಭೆ. ಒಂದು ಹುಡುಗಿ ಹೋದರೆ ಒಂದು ಕಂಬ ಹೋದಂತೆ ಅವರಿಗೆ. ಆದರೆ ಭಯಕ್ಕೆ ಶಿಸ್ತು ಎಂದು ಹೆಸರಿಟ್ಟರೆ ನಾನು ಒಪ್ಪುವವಳಲ್ಲ. "ತಡೆಯಲಿಕ್ಕೆ ನನ್ನಿಂದ ಆಗುವುದಿಲ್ಲ ಸರ್. ತಿರುಗಿ ಬಂದರೆ ಬಾಗಿಲಲ್ಲಿ ನಿಂತಿರಲಿಕ್ಕೆ ಆಗುತ್ತದೆ. ಬೇಡವಾದರೆ ಬೇರೆಯವರನ್ನು ನೋಡಿಕೊಳ್ಳಿ" ಎಂದೆ. ಕೆಲಸ ಹೋಗುತ್ತದೆಂದೇ ಭಾವಿಸಿದ್ದೆ. ಹೋಗಲಿಲ್ಲ. ಅವರಿಗೆ ಬೇರೆ ಯಾರೂ ಸಿಗಲಿಲ್ಲವೋ ಏನೋ.

ಕೊನೆಗೆ ಅಯ್ಯನವರೇ ಒಂದು ದಾರಿ ಹುಡುಕಿದರು. ವೆಸ್ಟ್ರಿಯಲ್ಲಿ, ಬಾಗಿಲು ಹಾಕಿಕೊಂಡು, ಒಂದೇ ಪ್ರಶ್ನೆ. ಎರಡನೆಯದನ್ನು ಕೇಳುವುದಿಲ್ಲ. ಸಾಕ್ಷಿಗೆ ನಾನೊಬ್ಬಳು ಇದ್ದರಾಯಿತು. ಗೆದ್ದೆ ಎಂದುಕೊಂಡು ಮಾಂಬಲಂ ಸ್ಟೇಷನ್ನಿನಿಂದ ಅವಳ ಮನೆಯವರೆಗೆ ಹೆಚ್ಚುಕಡಿಮೆ ಓಡಿದೆ.

ಕಮಲಾ ಎಲ್ಲ ಕೇಳಿದಳು. ಸಾರಿಗೆ ಒಗ್ಗರಣೆ ಹಾಕಿ, ಮುಚ್ಚಳ ಮುಚ್ಚಿ, ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ನಾನೆಂತ ಕದ್ದಿದ್ದೇನಾ, ಹಿಂದಿನ ಬಾಗಿಲಿಂದ ಬರ್ಲಿಕ್ಕೆ?"

"ಹಾಗಲ್ಲ ಕಮಲಾ, ನಿನಗೆ ಎಲ್ಲರ ಎದುರಿಗೆ ಮುಜುಗರ ಆಗಬಾರದು ಅಂತ..."

"ಮುಜುಗರ ನನಗಾ, ನಿಮಗಾ? ನನ್ನ ಹೆಸರು ಓದಿ ಹೊರಗೆ ಹಾಕಿದ್ದು ವೆಸ್ಟ್ರಿಯಲ್ಲಾ? ಪೀಠದಿಂದ ಓದಿದ್ದು. ಊರಿಂದ ಬಂದಿದ್ದ ನನ್ನ ಅಮ್ಮ ಅಲ್ಲೇ ಕೂತಿದ್ರು, ಅವರಿಗೆ ಎದ್ದು ಹೋಗ್ಲಿಕ್ಕೂ ಗೊತ್ತಾಗ್ಲಿಲ್ವಂತೆ. ಹೊರಗೆ ಹಾಕೂದನ್ನು ಎಲ್ಲರೂ ನೋಡಿದ್ರಲ್ಲ, ಒಳಗೆ ಬರೂದನ್ನೂ ನೋಡ್ಲಿ. ನೀನು ಇಷ್ಟು ದಿನ ಎಲ್ಲರ ಹತ್ರ ಜಗಳ ಆಡಿದೆ. ನನಗೆಂತ ಬೇಕು ಅಂತ ಒಂದು ಸಲ ಕೇಳಿದ್ಯಾ?"

ಕೇಳಿರಲಿಲ್ಲ. ಹುಡುಗಿಯರೇ, ಇದನ್ನು ಸರಿಯಾಗಿ ಓದಿಕೊಳ್ಳಿ. ಬಾಲ್ಯದಲ್ಲಿ ನನಗೆ ಆ ಗೂಡು ಚೆನ್ನಾಗಿ ಕಂಡಿತ್ತು ಎಂಬ ಒಂದೇ ಕಾರಣಕ್ಕೆ ಅವಳಿಗೂ ಅದೇ ಬೇಕು ಎಂದು ತೀರ್ಮಾನಿಸಿಬಿಟ್ಟಿದ್ದೆ. ಅವಳಿಗೆ ಬೇಕಾದದ್ದು ಮರೆಯಲ್ಲ, ಬೆಳಕು.

ಸುದ್ದಿ ಕೇಳಿ ಅಯ್ಯನವರು ತಲೆಯ ಮೇಲೆ ಕೈ ಇಟ್ಟುಕೊಂಡರು. ಸ್ಯಾಮ್ಸನ್ ಅವರಿಗೆ ಮಾತ್ರ ಸಮಾಧಾನವಾಯಿತು. "ಎಲ್ಲಾರ ಮುಂದ ಆಗೂದಾದ್ರ ಎಲ್ಲಾರ ಪದ್ಧತಿನ. ಎರಡೂ ಪ್ರಶ್ನೆ ಕೇಳ್ರಿ" ಎಂದರು. ಕಮಿಟಿ ಒಪ್ಪಿತು. ನಾನು ಭಯದಿಂದಲೇ ಹೋಗಿ ಕಮಲಾಗೆ ಹೇಳಿದೆ.

"ಕೇಳ್ಲಿ" ಎಂದಳು, ಅಷ್ಟೇ.

ಆ ಭಾನುವಾರ ದೇವಾಲಯ ತುಂಬಿತ್ತು. ಕ್ರಿಸ್ಮಸ್ಸಿಗೆ ಮಾತ್ರ ಮುಖ ತೋರಿಸುವವರೂ ಬಂದಿದ್ದರು. ಕಮಲಾ ಅದೇ ಕುಂಕುಮ, ಅದೇ ಮಲ್ಲಿಗೆಯಲ್ಲಿ ಬಂದಳು. ಆದರೆ ಒಬ್ಬಳೇ ಬರಲಿಲ್ಲ. ಬಿಳಿ ಪಂಚೆ, ಹಣೆಗೆ ಗಂಧವಿಟ್ಟುಕೊಂಡ ಸೀತಾರಾಮ ರಾಯರು ಜೊತೆಗಿದ್ದರು. ಹೋಟೆಲಿಗೆ ಭಾನುವಾರವೇ ಬಿಜಿ ದಿನ, ಅದನ್ನು ಪಾಲುದಾರರಿಗೆ ಬಿಟ್ಟು ಬಂದಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬಂದು ವೇದಿಯ ಕಡೆಗೆ ಕೈ ಮುಗಿದು, ಕೊನೆಯ ಬೆಂಚಿನಲ್ಲಿ ಕೂತರು. ಅಪ್ಪನ ಪಕ್ಕ ಉಷಾ ಕೂತಳು.

ಪ್ರಸಂಗ ಮುಗಿಯಿತು. ಅಯ್ಯನವರು ಹೆಸರು ಕರೆದರು. ಕಮಲಾ ನಡೆದು ಹೋಗಿ ವೇದಿಯ ಮುಂದೆ ನಿಂತಳು. ಎರಡು ಹೆಜ್ಜೆ ಹಿಂದೆ ನಾನು ನಿಂತೆ.

"ಸಭೆಯನ್ನು ಬಿಟ್ಟುಹೋದದ್ದಕ್ಕೆ ನೀವು ಪಶ್ಚಾತ್ತಾಪಪಡುತ್ತೀರೋ?"

"ಹೌದು." ಅವಳ ದನಿ ನಡುಗಿತು. "ದೇವರ ಮುಂದೆ, ನಿಮ್ಮೆಲ್ಲರ ಮುಂದೆ, ಹೌದು. ನಾನು ಹೋಗಬಾರದಿತ್ತು. ಪ್ರತಿದಿನ ನೆನೆದಿದ್ದೇನೆ."

ಅಯ್ಯನವರು ಗಂಟಲು ಸರಿಮಾಡಿಕೊಂಡು, ದನಿ ತಗ್ಗಿಸಿ, ಎರಡನೆಯ ಪ್ರಶ್ನೆ ಶುರು ಮಾಡಿದರು. "ಸಭೆಯ ಹೊರಗೆ ನೀವು ಮಾಡಿಕೊಂಡ ಸಂಬಂಧವು..."

"ಅಯ್ಯನವರೇ" ಎಂದಳು ಕಮಲಾ. ಈಗ ದನಿ ನಡುಗಲಿಲ್ಲ. "ಸ್ವಲ್ಪ ಜೋರಾಗಿ ಕೇಳ್ಬೇಕು. ನನ್ನ ಯಜಮಾನ್ರು ಹಿಂದೆ ಕೂತಿದ್ದಾರೆ. ಎಷ್ಟೋ ವರ್ಷ ಗ್ರೈಂಡರಿನ ಪಕ್ಕ ನಿಂತು ಕೆಲಸ ಮಾಡಿ ಅವರಿಗೆ ಕಿವಿ ಮಂದ. ಅವರ ವಿಷಯ ಕೇಳೂದಲ್ವಾ, ಅವರಿಗೂ ಕೇಳಿಸ್ಲಿ."

ಯಾರೋ ಹೆಂಗಸು ಉಸಿರು ಎಳೆದುಕೊಂಡದ್ದು ಕೇಳಿಸಿತು. ಅಯ್ಯನವರು ತಲೆ ಎತ್ತಿ ನೋಡಿದರು. ಅಷ್ಟು ದೂರದ ಕೊನೆಯ ಬೆಂಚಿನಲ್ಲಿ ರಾಯರು ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, ತಮ್ಮ ಹೆಂಡತಿಗೆ ಒಳ್ಳೆಯದೇನೋ ಆಗುತ್ತಿದೆ ಎಂದು, ಮುಂದಕ್ಕೆ ಬಾಗಿ ಸಂತೋಷದಿಂದ ನೋಡುತ್ತಿದ್ದರು. ಅಯ್ಯನವರ ಕಣ್ಣಿಗೆ ಬಿದ್ದ ಕೂಡಲೇ ಅಲ್ಲಿಂದಲೇ ಕೈ ಮುಗಿದರು.

ಅಯ್ಯನವರ ಬಾಯಿ ತೆರೆದೇ ಇತ್ತು. ಜೋರಾಗಿ ಹೇಳಲಾಗದ ಮಾತನ್ನು ಮೆಲ್ಲಗಾದರೂ ಹೇಗೆ ಹೇಳುತ್ತಾರೆ? ಪುಸ್ತಕ ಮುಚ್ಚಿದರು. ಮೆಟ್ಟಿಲು ಇಳಿದು ಬಂದು ಬಲಗೈ ಚಾಚಿದರು.

"ಬಾಮ್ಮ" ಎಂದರು. ಅದು ಪದ್ಧತಿಯ ಮಾತಲ್ಲ.

ಹಿರಿಯರು ಸಾಲಾಗಿ ಬಂದು ಕೈ ಕೊಟ್ಟರು. ಸ್ಯಾಮ್ಸನ್ ಅವರು ಬರಲಿಲ್ಲ. ಊರುಗೋಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಲ್ಲೇ ಕೂತಿದ್ದರು. 'ಯಾರ ಕೈ ಬರಲಿಲ್ಲ ಅಂತ ನಾನು ಎಣಿಸಲಿಕ್ಕೆ ಹೋಗೂದಿಲ್ಲ' ಎಂದು ಕಮಲಾ ನನಗೆ ಆಮೇಲೆ ಹೇಳಿದಳು. ನಾನು ಎಣಿಸಿದೆ, ಇವತ್ತಿಗೂ ಎಣಿಸುತ್ತೇನೆ. ನನ್ನ ಸ್ವಭಾವ ಅದು, ಕ್ಷಮಿಸುವುದನ್ನು ಜನರಿಗೆ ಕಲಿಸಲು ಹೋದವಳ ಸ್ವಭಾವ. ಆ ಎರಡನೆಯ ಪ್ರಶ್ನೆಯನ್ನು ಮಾತ್ರ ಆ ದಿನದ ನಂತರ ನಮ್ಮ ಸಭೆಯಲ್ಲಿ ಯಾರಿಗೂ ಕೇಳಿದ್ದನ್ನು ನಾನು ಕಾಣೆ. ಬೇಡವೆಂದು ಯಾವ ಕಮಿಟಿಯೂ ತೀರ್ಮಾನಿಸಲಿಲ್ಲ. ಕೇಳಲು ಯಾರಿಗೂ ಬಾಯಿ ಬರಲಿಲ್ಲ.

ಕೀರ್ತನೆ ಶುರುವಾಯಿತು. ಕೊನೆಯ ಬೆಂಚಿನವರು ಏಳಬೇಕೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲವರು ಎದ್ದರು, ಕೆಲವರು ಕೂತೇ ಇದ್ದರು, ಯಾರೂ ಏನೂ ಅನ್ನಲಿಲ್ಲ. ಕಮಲಾ ಮೇಜಿನ ಮುಂದೆ ಮೊಣಕಾಲೂರಿ ಎರಡೂ ಅಂಗೈ ಚಾಚಿದಳು. ನಾನು ಅವಳ ಪಕ್ಕದಲ್ಲೇ ಮೊಣಕಾಲೂರಿದೆ. ನಾನೂ ತಿಂಗಳುಗಟ್ಟಲೆ ಹೊರಗಿದ್ದವಳಲ್ಲವೇ. ನನ್ನನ್ನು ಯಾರೂ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ಆರಾಧನೆ ಮುಗಿದು ಹೊರಗೆ ಬಂದೆವು. ಮೆಟ್ಟಿಲ ಹತ್ತಿರ ರಾಯರು ಚಪ್ಪಲಿ ಹಾಕಿಕೊಂಡು ಕಾಯುತ್ತಿದ್ದರು. ಕಿವಿ ಮಂದವಾದವರು ಮಾತಾಡುವ ಹಾಗೆ, ಕಾಂಪೌಂಡಿಗೆಲ್ಲ ಕೇಳಿಸುವಂತೆ ಕೇಳಿದರು.

"ಮುಗೀತಾ? ಎಂತ ಕೊಟ್ರು?"

"ಒಂದು ಚೂರು ರೊಟ್ಟಿ. ಒಂದು ಗುಟುಕು ದ್ರಾಕ್ಷಿ ರಸ."

ದಿನಾ ನೂರಾರು ಎಲೆ ಬಡಿಸುವ ಮನುಷ್ಯ, ನಿಜವಾಗಿಯೂ ಆಶ್ಚರ್ಯಪಟ್ಟರು. "ಅಷ್ಟೆಯಾ? ಇಷ್ಟು ವರ್ಷ ನೀನು ಮೂಲೆಯಲ್ಲಿ ಕೂತು ಅತ್ತದ್ದು ಅಷ್ಟಕ್ಕಾ?"

ಸುತ್ತ ನಿಂತವರು ಮಾತು ನಿಲ್ಲಿಸಿ ನೋಡುತ್ತಿದ್ದರು. ಕಮಲಾ ಯಾರನ್ನೂ ನೋಡಲಿಲ್ಲ. ರಾಯರ ತೋಳು ಹಿಡಿದು ಎಳೆದು, ಅವರ ಕಿವಿಗೆ ಬಾಯಿ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಹೌದು ಮಾರಾಯ್ರೆ. ಅಷ್ಟಕ್ಕೇ."